ರಜೆಯ ಎರಡು ತಿಂಗಳ ಖರ್ಚು ಯಾರದು?

ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಆಡಳಿತ ಕಲಿಯಬೇಕೆನ್ನುವ ವಿದ್ಯಾರ್ಥಿಗೆ ವಿಷಯಕ್ಕೆ ಬರವಿಲ್ಲ. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಕುಸಿಯಿತು. ಉಳಿದದ್ದನ್ನು ದುರಸ್ತಿ ಮಾಡಬೇಕೋ, ಕೆಡವಿ ಹೊಸದಾಗಿ ಕಟ್ಟಬೇಕೋ ಎಂಬ ವ್ಯಾಜ್ಯ ಹೈಕೋರ್ಟಿನ ಮೆಟ್ಟಿಲೇರಿತು. ಪಾರಂಪರಿಕ ಕಟ್ಟಡದ ನಿಯಮ, ಬಾಡಿಗೆದಾರರ ಬದುಕು, ಪಾಲಿಕೆಯ ಹಣಕಾಸು ಎಲ್ಲವೂ ಈ ಒಂದು ಪ್ರಶ್ನೆಯಲ್ಲಿ ಹೆಣೆದುಕೊಂಡಿವೆ. ರಾಜ್ಯಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ರಜೆಯಲ್ಲಿ ಎರಡು ತಿಂಗಳು ಕಡತ ಓದಿ, ಅಂಗಡಿಯವರನ್ನು ಮಾತನಾಡಿಸಿ ವರದಿ ಬರೆದರೆ ಅವಳಿಗೆ ದಕ್ಕುವ ತಿಳಿವಳಿಕೆ ನೋಟ್ಸ್ ಓದಿದರೆ ದಕ್ಕುವುದಿಲ್ಲ. ಆದರೆ ಇಂಥ ಇಂಟರ್ನ್‌ಶಿಪ್‌ಗಳಲ್ಲಿ ಹೆಚ್ಚಿನವಕ್ಕೆ ಸಂಬಳವಿಲ್ಲ. ದೆಹಲಿಯ ನೀತಿ ಆಯೋಗವೇ ತನ್ನ ಇಂಟರ್ನ್‌ಶಿಪ್ ಯೋಜನೆಯನ್ನು ಸಂಭಾವನೆಯಿಲ್ಲದೆ ನಡೆಸಿಕೊಂಡು ಬಂದಿದೆ. ಹೆಗ್ಗಡದೇವನಕೋಟೆಯ ಕೂಲಿಕಾರರ ಮಗ ರಜೆಯಲ್ಲಿ ದುಡಿದು ಮುಂದಿನ ವರ್ಷದ ಫೀಸು ಹೊಂದಿಸಬೇಕು. ಅವನು ಅರ್ಜಿಯನ್ನೇ ಹಾಕುವುದಿಲ್ಲ, ಹಾಗಾಗಿ ತಿರಸ್ಕೃತರ ಪಟ್ಟಿಯಲ್ಲೂ ಅವನ ಹೆಸರಿರುವುದಿಲ್ಲ.

ಸರ್ಕಾರದ ನೆರವು ಬೇಕಾದಷ್ಟಿದೆಯಲ್ಲ ಎನ್ನುವವರು ಅವುಗಳ ಷರತ್ತುಗಳನ್ನು ಒಮ್ಮೆ ನೋಡಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ-ವಸತಿಗೆಂದು ಬಂದ ವಿದ್ಯಾಸಿರಿ ಯೋಜನೆ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ ಲೆಕ್ಕ ಹಾಕಿ ಕೊಟ್ಟದ್ದು. ಬಿಟ್ಟುಹೋದ ಎರಡು ತಿಂಗಳೇ ಇಂಟರ್ನ್‌ಶಿಪ್‌ನ ಕಾಲ. 2024ರ ಜನವರಿಯಲ್ಲಿ ಚಾಲನೆಗೊಂಡ ಯುವನಿಧಿ ನಿರುದ್ಯೋಗಿ ಪದವೀಧರರಿಗೆ 3,000 ರೂಪಾಯಿ ಕೊಡುತ್ತದೆ, ಓದುತ್ತಿರುವವರಿಗಲ್ಲ. ಅದೇ ವರ್ಷದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ತಿಂಗಳಿಗೆ 5,000 ರೂಪಾಯಿ ನಿಗದಿ ಮಾಡಿತು. ಅದು ದೊಡ್ಡ ಕಂಪನಿಗಳಲ್ಲಿ ತರಬೇತಿಗೆ, ಪೂರ್ಣಾವಧಿ ಓದುವವರನ್ನು ಹೊರಗಿಟ್ಟೇ ರೂಪಿಸಿದ್ದು. ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಬಸ್ ಖರ್ಚು ಉಳಿದಿರುವುದು ನಿಜ, ಸಣ್ಣ ಮಾತೂ ಅಲ್ಲ. ಆದರೆ ಪಿಜಿ ಬಾಡಿಗೆ, ಮೆಸ್ಸಿನ ಹಣ, ಕೈತಪ್ಪಿದ ಕೂಲಿ ಹಾಗೆಯೇ ಉಳಿಯುತ್ತವೆ.

ಕಲಿಯಲು ಬಂದವರಿಗೆ ದುಡ್ಡೇಕೆ ಎಂಬ ಆಕ್ಷೇಪ ಹಳೆಯದು. 1961ರ ಅಪ್ರೆಂಟಿಸ್ ಕಾಯ್ದೆ ಕಾರ್ಖಾನೆಯಲ್ಲಿ ಕೆಲಸ ಕಲಿಯುವವರಿಗೆ ಸ್ಟೈಪೆಂಡ್ ಕೊಡಲೇಬೇಕೆಂದು ಹೇಳಿತು. ಆಸ್ಪತ್ರೆಯ ಹೌಸ್ ಸರ್ಜನ್‌ಗಳೂ ಕಲಿಯುತ್ತಲೇ ಸ್ಟೈಪೆಂಡ್ ಪಡೆಯುತ್ತಾರೆ. ಲೇತ್ ಯಂತ್ರದ ಮುಂದೆ ನಿಂತವನಿಗೆ ಅನ್ವಯಿಸುವ ನ್ಯಾಯ ಸರ್ಕಾರಿ ಕಡತದ ಮುಂದೆ ಕೂತವನಿಗೆ ಏಕಿಲ್ಲ? ಅಮೆರಿಕದ ಶ್ವೇತಭವನವೂ 2022ರಲ್ಲಷ್ಟೇ ತನ್ನ ಇಂಟರ್ನ್‌ಗಳಿಗೆ ಹಣ ಕೊಡಲು ಶುರುಮಾಡಿತು. ಸಂಬಳವಿಲ್ಲದ ಬಾಗಿಲಿಂದ ಉಳ್ಳವರ ಮಕ್ಕಳೇ ಒಳಬರುತ್ತಾರೆಂಬ ದೂರು ಅಲ್ಲಿಯೂ ಇತ್ತು. ಮೈಸೂರಿಗಂತೂ ಈ ವಿಚಾರ ಹೊಸದಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ನೇಮಿಸಿದ ಮಿಲ್ಲರ್ ಸಮಿತಿ, ಸರ್ಕಾರಿ ಕೆಲಸದಲ್ಲಿ ಹಿಂದುಳಿದವರ ಪಾಲನ್ನು ಪರಿಶೀಲಿಸುವಾಗಲೇ ಅವರ ಉನ್ನತ ಶಿಕ್ಷಣಕ್ಕೆ ಯಾವ ವಿಶೇಷ ಸೌಲಭ್ಯ ಬೇಕು ಎಂಬುದನ್ನೂ ನೋಡಬೇಕಾಗಿತ್ತು. ಕಚೇರಿಯ ಕುರ್ಚಿಗೂ ಅಲ್ಲಿಯವರೆಗೆ ತಲುಪುವ ದಾರಿಖರ್ಚಿಗೂ ನಂಟಿದೆಯೆಂದು ಈ ಊರಿಗೆ ನೂರು ವರ್ಷದ ಹಿಂದೆಯೇ ಗೊತ್ತಿತ್ತು.

ಹಣವೆಲ್ಲಿ ಎನ್ನುವ ಪ್ರಶ್ನೆಗೆ ಲೆಕ್ಕವೇ ಉತ್ತರ ಹೇಳುತ್ತದೆ. ಮೈಸೂರು ಪಾಲಿಕೆಗೆ 65 ವಾರ್ಡುಗಳು. ವಾರ್ಡಿಗೊಬ್ಬ ವಿದ್ಯಾರ್ಥಿಗೆ ತಿಂಗಳಿಗೆ 6,000ದಂತೆ ಎರಡು ತಿಂಗಳು ಕೊಟ್ಟರೆ ಒಟ್ಟು 7 ಲಕ್ಷ 80 ಸಾವಿರ ರೂಪಾಯಿ. ಪಾಲಿಕೆ, ವಿಶ್ವವಿದ್ಯಾಲಯ, ಹಳೆ ವಿದ್ಯಾರ್ಥಿ ಸಂಘಗಳು ಹಂಚಿಕೊಂಡರೆ ಯಾರಿಗೂ ಹೊರೆಯಾಗದ ಮೊತ್ತ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಹುಡುಗರು ಸರ್ಟಿಫಿಕೇಟಿಗಷ್ಟೇ ಬಂದು ಹೋಗುತ್ತಾರೆ, ಕಚೇರಿಯವರು ಅವರಿಂದ ಜೆರಾಕ್ಸ್ ಮಾಡಿಸುತ್ತಾರೆ ಎಂಬುದು. ಈ ಅಪಾಯ ಇದ್ದೇ ಇದೆ. ಆದರೆ ಪುಕ್ಕಟೆ ಸಿಗುವ ಕೈಗಳನ್ನು ಹೇಗೆ ಬಳಸಿದರೂ ಕೇಳುವವರಿಲ್ಲ, ಹಣ ಕೊಟ್ಟ ಮೇಲೆ ಕೆಲಸದ ಲೆಕ್ಕ ಕೇಳುವ ಅಧಿಕಾರ ಬರುತ್ತದೆ. ಪ್ರತಿಯೊಬ್ಬರಿಗೂ ಒಬ್ಬ ಮೇಲ್ವಿಚಾರಕ, ಮೊದಲೇ ಬರೆದುಕೊಟ್ಟ ಕೆಲಸ, ಕೊನೆಗೆ ವಾರ್ಡಿನ ಜನರೂ ಓದಬಹುದಾದ ಕನ್ನಡದ ವರದಿ, ಇಷ್ಟನ್ನು ಷರತ್ತಾಗಿಸಬೇಕು. ಆಯ್ಕೆಗೆ ಅಂಕಪಟ್ಟಿಯ ಜೊತೆ ಮನೆಯ ಆದಾಯವನ್ನೂ ನೋಡಬೇಕು. ಮೊದಲ ಕಂತು ಕೆಲಸ ಶುರುವಾಗುವ ಮುನ್ನವೇ ಕೈಸೇರಬೇಕು, ಪಿಜಿಯ ಅಡ್ವಾನ್ಸ್ ಕಟ್ಟಬೇಕಾದದ್ದು ಆಗಲೇ.