ಕ್ಯಾನ್ಸರ್ ಚಿಕಿತ್ಸೆಯಲ್ಲಿ ಲೇಸರ್ ಬೆಳಕು: ಪ್ರಯೋಜನವೆಷ್ಟು, ಅಪಾಯವೆಷ್ಟು?

ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದಂತಹ ಊರಿನ ಮಗ್ಗದ ಕೆಲಸಗಾರನೊಬ್ಬನಿಗೆ ಬಾಯಿಯ ಅಥವಾ ಗಂಟಲಿನ ಕ್ಯಾನ್ಸರ್ ಬಂದರೆ, ವಿಕಿರಣ ಚಿಕಿತ್ಸೆಗಾಗಿ ಆರೇಳು ವಾರಗಳ ಕಾಲ, ವಾರಕ್ಕೆ ಐದು ದಿನ, ದೂರದ ನಗರದಲ್ಲಿ ಉಳಿಯಬೇಕಾಗುತ್ತದೆ. ಎರಡು-ಮೂರನೆಯ ವಾರದ ಹೊತ್ತಿಗೆ ಬಾಯಿಯ ಒಳಪೊರೆ ಸುಲಿದು ಹುಣ್ಣಾಗುತ್ತದೆ. ಮುದ್ದೆಯ ಮಾತಿರಲಿ, ಗಂಜಿಯನ್ನು ನುಂಗುವುದೂ ಕಷ್ಟವಾಗಿ, ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಊರಿಗೆ ಮರಳುವವರಿದ್ದಾರೆ. ವಿಕಿರಣದ ನಡುವೆ ಬಿಡುವು ಬಿದ್ದರೆ ಗೆಡ್ಡೆ ಮತ್ತೆ ಬೆಳೆಯುವ ಸಂಭವ ಹೆಚ್ಚುತ್ತದೆ. ಲೇಸರ್ ಬೆಳಕು ನೆರವಿಗೆ ಬರುವುದು ಈ ಹಂತದಲ್ಲಿ.

'ಲೇಸರ್ ಚಿಕಿತ್ಸೆ' ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ವಿಧಾನಗಳಿವೆ. ಹೆಚ್ಚು ಶಕ್ತಿಯ ಲೇಸರ್ ಗೆಡ್ಡೆಯನ್ನು ಕತ್ತರಿಸುತ್ತದೆ ಇಲ್ಲವೇ ಸುಡುತ್ತದೆ. ಎರಡನೆಯದರಲ್ಲಿ ರೋಗಿಗೆ ಬೆಳಕಿಗೆ ಸ್ಪಂದಿಸುವ ಔಷಧವನ್ನು ನೀಡಿ, ಗೆಡ್ಡೆಯ ಮೇಲೆ ಲೇಸರ್ ಹಾಯಿಸಲಾಗುತ್ತದೆ. ಈ ಬೆಳಕು ಸುಮಾರು ಒಂದು ಸೆಂಟಿಮೀಟರ್‌ಗಿಂತ ಆಳಕ್ಕೆ ಇಳಿಯದು. ಇದಕ್ಕೆ ಬಳಸುವ ಪೋರ್ಫಿಮರ್ ಎಂಬ ಔಷಧ ಪಡೆದವರು ಕನಿಷ್ಠ ಒಂದು ತಿಂಗಳು ಬಿಸಿಲಿನಿಂದ ದೂರವಿರಬೇಕು. ಚಳ್ಳಕೆರೆಯ ಬಿಸಿಲನ್ನು ಬಲ್ಲವರಿಗೆ ಇದೆಷ್ಟು ಕಠಿಣವೆಂದು ಹೇಳಬೇಕಾಗಿಲ್ಲ. ಮೂರನೆಯದಾದ ಅಲ್ಪಶಕ್ತಿಯ ಲೇಸರ್ ಕ್ಯಾನ್ಸರನ್ನು ಕೊಲ್ಲುವುದಿಲ್ಲ. ಚಿಕಿತ್ಸೆಯಿಂದಾದ ಹುಣ್ಣನ್ನು ತಡೆಯುತ್ತದೆ, ಮಾಯಿಸುತ್ತದೆ.

ಅಲ್ಪಶಕ್ತಿಯ ಲೇಸರ್ ಬಗ್ಗೆ ಕರ್ನಾಟಕದಲ್ಲೇ ಗಣನೀಯ ಕೆಲಸ ನಡೆದಿದೆ. ಮಣಿಪಾಲದ ಸಂಶೋಧಕರು 50 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಹೀಲಿಯಂ-ನಿಯಾನ್ ಲೇಸರಿನ ಕೆಂಪು ಬೆಳಕನ್ನು ಪಡೆದವರಲ್ಲಿ ಹುಣ್ಣು ಸೌಮ್ಯ ಮಟ್ಟದಲ್ಲೇ ಉಳಿಯಿತು, ಉಳಿದವರಲ್ಲಿ ಉಲ್ಬಣಿಸಿತು. ವಿಕಿರಣ ಮತ್ತು ಔಷಧ ಎರಡನ್ನೂ ಪಡೆಯುತ್ತಿದ್ದ 221 ರೋಗಿಗಳ ಮೇಲಿನ ಹೆಚ್ಚು ಕಟ್ಟುನಿಟ್ಟಾದ ಪರೀಕ್ಷೆಯ ವರದಿ 2012ರಲ್ಲಿ ಬಂದಿತು. ಅದರಲ್ಲಿಯೂ ತೀವ್ರ ಹುಣ್ಣು ಮತ್ತು ನೋವು ಕಡಿಮೆಯಾದದ್ದು ಕಂಡುಬಂದಿತು.

ಹಾಗಾದರೆ, ಜೀವಕೋಶಗಳನ್ನು ಚೇತರಿಸುವ ಬೆಳಕು ಕ್ಯಾನ್ಸರ್ ಕೋಶಗಳನ್ನೂ ಚೇತರಿಸದೇ? ಪ್ರಶ್ನೆ ನ್ಯಾಯವಾದದ್ದೇ. 1960ರ ದಶಕದಲ್ಲಿ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ ಲೇಸರಿನಿಂದ ಇಲಿಗಳ ಗೆಡ್ಡೆಯನ್ನು ನಾಶಮಾಡಲು ಹೊರಟಾಗ ಗೆಡ್ಡೆ ಕರಗಲಿಲ್ಲ, ಬೋಳಿಸಿದ ಜಾಗದಲ್ಲಿ ಕೂದಲು ಬೇಗ ಬೆಳೆಯಿತು! ಪ್ರಯೋಗಾಲಯದ ಕೆಲವು ಅಧ್ಯಯನಗಳು ಈ ಶಂಕೆಯನ್ನು ಉಳಿಸಿವೆ. ಆದರೆ ಬ್ರೆಜಿಲ್‌ನಲ್ಲಿ 94 ರೋಗಿಗಳನ್ನು ದೀರ್ಘಕಾಲ ಗಮನಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ಲೇಸರ್ ಪಡೆದವರಿಗೆ ಹಾನಿಯಾದದ್ದು ಕಾಣಲಿಲ್ಲ. 2018ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಬಾಯಿಹುಣ್ಣಿಗೆ ಇದರ ಬಳಕೆಯಲ್ಲಿ ದೊಡ್ಡ ಸುರಕ್ಷತಾ ಆತಂಕಗಳಿಲ್ಲವೆಂದು ಹೇಳಿತು. ಆದರೂ ಗೆಡ್ಡೆಯ ಮೇಲೆ ನೇರವಾಗಿ ಬೆಳಕು ಬೀಳದಂತೆ ನೋಡಿಕೊಳ್ಳುವುದು ವಿವೇಕ. ರೋಗಿಗೂ ಚಿಕಿತ್ಸಕರಿಗೂ ರಕ್ಷಣಾ ಕನ್ನಡಕ ಕಡ್ಡಾಯ.

ವರ್ತಕರು ಗಮನಿಸಬೇಕಾದ ಸಂಗತಿ ಬೇರೊಂದಿದೆ. ಕೆಂಪು ಬೆಳಕಿನ ಬೆಲ್ಟು, ಟಾರ್ಚುಗಳನ್ನು 'ಕ್ಯಾನ್ಸರ್ ಗುಣಪಡಿಸುವ ಲೇಸರ್' ಎಂದು ಮಾರಲು ಯಾರಾದರೂ ಏಜೆನ್ಸಿ ನೀಡಲು ಬಂದರೆ ಎಚ್ಚರ ವಹಿಸಬೇಕು. ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ, 1954ರ ಅನುಸೂಚಿಯಲ್ಲಿ ಕ್ಯಾನ್ಸರ್ ಸೇರಿದೆ. ಅದನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದು ಅಪರಾಧ. ಅಂಗಡಿಯ ಮುಂದೆ ಫಲಕ ಹಾಕಿದವನೂ ಹೊಣೆಯಿಂದ ತಪ್ಪಿಸಿಕೊಳ್ಳಲಾರ. ವೈದ್ಯಕೀಯ ಉಪಕರಣಗಳಿಗೆ 2017ರ ನಿಯಮಗಳೂ ಅನ್ವಯಿಸುತ್ತವೆ.

ಎಣ್ಣೆ ಗಿರಣಿ ಮತ್ತು ರೇಷ್ಮೆ ಘಟಕಗಳ ಮಾಲೀಕರು ತಮ್ಮಲ್ಲಿ ಇ.ಎಸ್.ಐ. ವ್ಯಾಪ್ತಿಗೆ ಬರುವ ನೌಕರರ ವಂತಿಗೆಯನ್ನು ಬಾಕಿ ಉಳಿಸಿಕೊಳ್ಳದಿರುವುದು ಒಳಿತು. ಅರ್ಹ ನೌಕರನಿಗೆ ಕ್ಯಾನ್ಸರ್ ಬಂದಲ್ಲಿ ವಿಸ್ತರಿತ ಅನಾರೋಗ್ಯ ಸೌಲಭ್ಯದಡಿ ವೇತನದ ಶೇ. 80ರಷ್ಟು ನಗದು ದೊರೆಯುತ್ತದೆ. ವಂತಿಗೆಯ ದಿನಗಳ ಲೆಕ್ಕ ಸರಿಯಿಲ್ಲದಿದ್ದರೆ ಅದು ಕೈತಪ್ಪಬಹುದು. ಚಿಕಿತ್ಸೆ ಆರಂಭವಾಗುವ ಮುನ್ನವೇ ಬಾಯಿಹುಣ್ಣು ತಡೆಯುವ ಲೇಸರ್ ಸೌಲಭ್ಯ ಆಸ್ಪತ್ರೆಯಲ್ಲಿ ಇದೆಯೇ ಎಂದು ವಿಚಾರಿಸಲು ನೌಕರನ ಮನೆಯವರಿಗೆ ತಿಳಿಸಬಹುದು. ಹುಣ್ಣು ಉಲ್ಬಣಿಸಿದ ನಂತರಕ್ಕಿಂತ ವಿಕಿರಣದ ಮೊದಲ ದಿನದಿಂದಲೇ ನೀಡಿದಾಗ ಇದರ ಪ್ರಯೋಜನ ಹೆಚ್ಚು.