ಹತ್ತಿ ಮತ್ತು ಮೀನು ಕಟ್ಟಿದ ನಗರ

ಅಮೆರಿಕದ ಪ್ರಾಚೀನ ನಾಗರಿಕತೆ ಎಂದೊಡನೆ ನಮಗೆ ನೆನಪಾಗುವುದು ಮಾಯಾ, ಅಜ್ಟೆಕ್, ಇಂಕಾಗಳೇ. ಅವೆಲ್ಲಕ್ಕಿಂತ ಬಹು ಹಿಂದಿನದು ಪೆರು ದೇಶದ ಸೂಪೆ ಕಣಿವೆಯ ಕರಾಲ್. ಪುರಾತತ್ತ್ವಜ್ಞೆ ರೂತ್ ಶಾಡಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಇಂಗಾಲ ಕಾಲಮಾಪನದಂತೆ ಅದು ಕ್ರಿ.ಪೂ. 2600ರ ಸುಮಾರಿನದು, ಎಂದರೆ ಹರಪ್ಪದ ನಗರಗಳ ಸಮಕಾಲೀನ.

ಧಾನ್ಯದ ಮಿಗುತೆಯಿಲ್ಲದೆ ನಗರವಿಲ್ಲವೆಂದು ಅರ್ಥಶಾಸ್ತ್ರದ ತರಗತಿಯಲ್ಲಿ ನಾನು ಕಲಿತಿದ್ದೆ. ಕರಾಲ್ ಆ ಪಾಠವನ್ನು ಅಲುಗಿಸುತ್ತದೆ. ಕಣಿವೆಯವರು ಹೊಳೆಯ ನೀರು ತಿರುಗಿಸಿ ಹತ್ತಿ ಬೆಳೆದರು; 20 ಕಿ.ಮೀ.ಗೂ ಹೆಚ್ಚು ದೂರದ ಕಡಲತೀರದವರು ಆ ಹತ್ತಿಯ ಬಲೆ ಬೀಸಿ ಆಂಚೊವಿ, ಬೂತಾಯಿ ಹಿಡಿದು ಒಣಗಿಸಿ ಕಳುಹಿಸಿದರು. (ಮೆಕ್ಕೆಜೋಳದ ಪಾಲೆಷ್ಟೆಂಬ ವಾದ ವಿದ್ವಾಂಸರಲ್ಲಿ ಮುಗಿದಿಲ್ಲ.) ನಾಣ್ಯವಿಲ್ಲ, ಮಡಕೆಯೂ ಇಲ್ಲ. ಕೋಟೆಗೋಡೆಯ ಕುರುಹು ಸಿಕ್ಕಿಲ್ಲ; ಸಿಕ್ಕಿದ್ದು ಪೆಲಿಕನ್ ಮೂಳೆಯ 32 ಕೊಳಲುಗಳು. ಜೊಂಡಿನ ಚೀಲಗಳಲ್ಲಿ ಕಲ್ಲು ತುಂಬಿ ಪಿರಮಿಡ್ಡುಗಳ ಒಡಲಿಗಿಳಿಸಿದ್ದರು. ಭೂಕಂಪದ ನಾಡಿಗೆ ತಕ್ಕ ಉಪಾಯ! ಕಾಲನಿರ್ಣಯಕ್ಕೆ ಒದಗಿದ್ದೂ ಆ ಜೊಂಡೇ.

2009ರಲ್ಲಿ ಕರಾಲ್ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆದರೆ 2020ರ ಕೋವಿಡ್ ನಿರ್ಬಂಧದ ದಿನಗಳಲ್ಲಿ ಕಾವಲು ಸಡಿಲಗೊಂಡು ಒತ್ತುವರಿದಾರರು ನುಗ್ಗಿದರು. ಶಾಡಿಯವರಿಗೆ ಕೊಲೆ ಬೆದರಿಕೆಯೂ ಬಂತು. ಒತ್ತುವರಿಯ ಹಿಂದೆ ಬಡತನವೂ ಇರುತ್ತದೆ, ದಲ್ಲಾಳಿಯೂ ಇರುತ್ತಾನೆಂಬುದು ಕಂದಾಯ ಕಡತಗಳ ನಡುವೆ ದುಡಿದ ನನಗೆ ಗೊತ್ತು. ಆದ್ದರಿಂದ ಕಾವಲುಗಾರರನ್ನು ಹೆಚ್ಚಿಸಿದರಷ್ಟೇ ಸಾಲದು. ಭೂರಹಿತರಿಗೆ ಬೇರೆಡೆ ನೆಲ, ನೀರು ಒದಗಿಸುವ ಹೊಣೆಯೂ ಲಿಮಾದ ಸರ್ಕಾರದ್ದೇ. ಯಂತ್ರ ಮಗುಚಿದ ಮಣ್ಣಿನ ಪದರಗಳನ್ನು ಯಾವ ತೆರವು ಆದೇಶವೂ ಮರಳಿ ಜೋಡಿಸದು. ಅದೇ ಕಣಿವೆಯ ಇನ್ನೂ ಹಲವು ನೆಲೆಗಳಲ್ಲಿ ಉತ್ಖನನ ಪೂರ್ಣಗೊಂಡಿಲ್ಲ.