ಹಾವಿನ ಪೆಟ್ಟಿಗೆಗೆ ಹದವಾದ ಬಿಸಿ

ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆದು ಬೆಳೆದ ನನಗೆ, ಈ ಚಳಿಗಾಲ ರೈಸ್‌ವೈಕ್‌ನಲ್ಲಿ ಪಕ್ಕದ ಮನೆಯವರು ರಜೆಗೆ ಹೋದಾಗ ಅವರ ಕಾರ್ನ್ ಸ್ನೇಕ್ ನೋಡಿಕೊಳ್ಳುವ ಕೆಲಸ ಬಂತು!

ಹಾವಿನ ಮೈ ತಾನಾಗಿ ಬೆಚ್ಚಗಿರುವುದಿಲ್ಲ. ಹೊರಗಿನ ಬಿಸಿ ಸಾಲದಿದ್ದರೆ ತಿಂದದ್ದು ಸರಿಯಾಗಿ ಅರಗುವುದಿಲ್ಲ. ಹಾಗೆಂದು ಇಡೀ ಪೆಟ್ಟಿಗೆಯನ್ನು ಬಿಸಿ ಮಾಡಬಾರದು. ಒಂದು ತುದಿ ಸುಮಾರು 30 ಡಿಗ್ರಿ, ಇನ್ನೊಂದು 24ರ ಆಸುಪಾಸು ಇರಲಿ. ಬೇಕಾದ ಕಡೆಗೆ ಅದೇ ಸರಿಯುತ್ತದೆ.

ಹೀಟ್ ಮ್ಯಾಟ್ ಆದರೆ ತಳದ ಮೂರನೇ ಒಂದು ಭಾಗಕ್ಕೆ ಸಾಕು. ಗಾಳಿಯೂ ಬೆಚ್ಚಗಾಗಬೇಕಿದ್ದರೆ ಬೆಳಕು ಚೆಲ್ಲದ ಸೆರಾಮಿಕ್ ಹೀಟರ್ ಒಳ್ಳೆಯದು. ಹಾವು ಸುತ್ತಿಕೊಳ್ಳದಂತೆ ಅದಕ್ಕೆ ಜಾಲರಿ ಹಾಕಿ. ಬಿಸಿಯಾಗುವ ಕಲ್ಲು ಮಾತ್ರ ಬೇಡ, ಹೊಟ್ಟೆ ಸುಟ್ಟೀತು.

ಯಾವುದನ್ನು ಕೊಂಡರೂ ಜೊತೆಗೆ ಥರ್ಮೋಸ್ಟಾಟ್ ಇರಲೇಬೇಕು. ಸುಟ್ಟರೂ ಕೂಗಲಾರದ ಜೀವ ಅದು. ಅದರ ಪರವಾಗಿ ಥರ್ಮಾಮೀಟರ್ ನೋಡುತ್ತಿರಬೇಕಾದವರು ನಾವೇ.